ಜಿಂಕೆಗೆ ಗುರಿ ಇಡುವ ಮುನ್ನ ಪರೀಕ್ಷೆ: ಬ್ರಿಟನ್ನಿನ ಡಿಎಸ್‌ಸಿ 1ಕ್ಕೆ ತಯಾರಿ ಹೇಗೆ?

ಚಿಗುರಿದ ಅವರೆ ಹೊಲಕ್ಕೆ ಒಂದು ರಾತ್ರಿ ಜಿಂಕೆ ಹಿಂಡು ಬಿದ್ದರೆ ಬೆಳಗ್ಗೆ ಏನು ಉಳಿದಿರುತ್ತೆ ಅಂತ ಕಾಡಂಚಿನ ರೈತರಿಗೆ ಹೇಳಬೇಕಾಗಿಲ್ಲ. ಬ್ರಿಟನ್ನಿನ ರೈತರಿಗೂ ಇದೇ ಗೋಳು. ಅಲ್ಲಿ ತೋಳ, ಲಿಂಕ್ಸ್ ಬೆಕ್ಕು ಅಳಿದು ಶತಮಾನಗಳೇ ಆದವು. ಜಿಂಕೆ ತಿನ್ನೋ ದೊಡ್ಡ ಪ್ರಾಣಿಯೇ ಇಲ್ಲ. ಗೋಧಿ ಪೈರು, ಹೊಸದಾಗಿ ನೆಟ್ಟ ಸಸಿ ಎರಡೂ ಅವುಗಳ ಬಾಯಿಗೆ. ಹಾಗಾಗಿ ಕಾನೂನಿನ ಚೌಕಟ್ಟಿನಲ್ಲೇ ಜಿಂಕೆ ಹೊಡೆದು ಸಂಖ್ಯೆ ಹಿಡಿತದಲ್ಲಿಡುತ್ತಾರೆ. ಈ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಬರೆಯೋದು ಡೀರ್ ಸ್ಟಾಕಿಂಗ್ ಸರ್ಟಿಫಿಕೇಟ್ ಲೆವೆಲ್ 1, ಅಂದರೆ ಡಿಎಸ್‌ಸಿ 1.

ಇಂಗ್ಲೆಂಡಿನಲ್ಲಿ ಇದು ಕಡ್ಡಾಯವಲ್ಲ. ಆದರೂ ಎಸ್ಟೇಟ್ ಮಾಲೀಕರು ಇದನ್ನು ಕೇಳುತ್ತಾರೆ. ಕೃಷಿ ಓದಲು, ಫಾರ್ಮ್ ಕೆಲಸಕ್ಕೆ ಅಲ್ಲಿಗೆ ಹೋಗುವ ನಮ್ಮ ಹುಡುಗ-ಹುಡುಗಿಯರು ತಿಳಿದಿರುವುದು ಒಳ್ಳೇದು.

ಪರೀಕ್ಷೆಯಲ್ಲಿ ಏನಿರುತ್ತೆ?

- ಲಿಖಿತ ಭಾಗ: 50 ಬಹು ಆಯ್ಕೆ ಪ್ರಶ್ನೆ, 40 ಸರಿ ಇರಬೇಕು.
- ಗುರುತಿಸುವಿಕೆ: 20 ಚಿತ್ರ, 16 ಸರಿ ಇರಬೇಕು.
- ಮಾಂಸದ ಸ್ವಚ್ಛತೆ: ರೋಗದ ಲಕ್ಷಣ, ಕರುಳು ತೆಗೆಯುವ ಕ್ರಮ.
- ಸುರಕ್ಷತೆ: ಬಂದೂಕು ಹಿಡಿಯುವುದು, ಬೇಲಿ ದಾಟುವುದು, ಯಾವಾಗ ಹೊಡೆಯಬಾರದು ಅನ್ನೋ ತೀರ್ಮಾನ.
- ಗುರಿ: 100 ಮೀಟರ್‌ನಿಂದ ಮೂರು ಗುಂಡು 4 ಇಂಚಿನ ವೃತ್ತದೊಳಗೆ. ಆಮೇಲೆ ಜಿಂಕೆ ಚಿತ್ರಕ್ಕೆ 100, 70, 40 ಮೀಟರ್‌ನಿಂದ ಎರಡೆರಡು. ಆರಕ್ಕೆ ಆರೂ ಮರ್ಮಸ್ಥಾನಕ್ಕೇ ಬೀಳಬೇಕು.

ನಮ್ಮವರು ಎಡವೋದು ಎಲ್ಲಿ?

ಮೊದಲನೆಯದು ಗುರುತು. ಬ್ರಿಟನ್ನಿನಲ್ಲಿ ಆರು ಜಾತಿ: ರೆಡ್, ರೋ, ಫ್ಯಾಲೋ, ಸಿಕಾ, ಮುಂಟ್‌ಜ್ಯಾಕ್, ಚೈನೀಸ್ ವಾಟರ್ ಡೀರ್. ಮೊದಲೆರಡು ಮಾತ್ರ ಅಲ್ಲಿನ ಮೂಲದವು. ಬೇಸಿಗೆಯ ಫ್ಯಾಲೋ, ಸಿಕಾ ಎರಡಕ್ಕೂ ಚುಕ್ಕೆ ಇರುತ್ತೆ. ನಮ್ಮ ಚುಕ್ಕೆ ಜಿಂಕೆ ನೋಡಿದ ಕಣ್ಣಿಗೆ ಎರಡೂ ಒಂದೇ. ಚುಕ್ಕೆ ಬಿಟ್ಟು ಹಿಂಭಾಗ ನೋಡಿ. ಫ್ಯಾಲೋಗೆ ಉದ್ದ ಬಾಲ, ಗಂಡಿಗೆ ಅಂಗೈಯಂಥ ಅಗಲ ಕೊಂಬು. ಸಿಕಾಗೆ ಹಿಂಗಾಲಿನಲ್ಲಿ ಬಿಳಿ ಗುರುತು. ರೋಗೆ ಬಾಲ ಇಲ್ಲವೇನೋ ಅನ್ನಿಸುತ್ತೆ. ವಾಟರ್ ಡೀರ್‌ಗೆ ಕೊಂಬೇ ಇಲ್ಲ, ಗಂಡಿಗೆ ಕೋರೆಹಲ್ಲು. ಮುಂಟ್‌ಜ್ಯಾಕ್ ಮಾತ್ರ ನಮಗೆ ಸುಲಭ, ಅದು ನಮ್ಮ ಕಾಡುಕುರಿಯ ಹತ್ತಿರದ ನೆಂಟ. ಫೋಟೋಗಳನ್ನು ಫೋನಿನಲ್ಲಿಟ್ಟುಕೊಂಡು ದಿನಾ ಹತ್ತು ನಿಮಿಷ ನೋಡಿ.

ಎರಡನೆಯದು ಋತು. ತಾರೀಖು ಉರು ಹೊಡೆಯಬೇಡಿ, ಕಾರಣ ಹಿಡಿದುಕೊಳ್ಳಿ. ಇಂಗ್ಲೆಂಡಿನಲ್ಲಿ ಹೆಣ್ಣು ರೋ ಹೊಡೆಯಲು ಅವಕಾಶ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮಾತ್ರ. ಬೇಸಿಗೆಯಲ್ಲಿ ತಾಯಿ ಸತ್ತರೆ ಮರಿ ಉಪವಾಸ ಬಿದ್ದು ಸಾಯುತ್ತೆ. ಇದು ತಲೆಗೆ ಹೋದರೆ ತಾರೀಖು ಮರೆಯಲ್ಲ.

ಮೂರನೆಯದು ಗುಂಡಿನ ಹಿಂದೇನಿದೆ ಅನ್ನೋದು. ಜಿಂಕೆಯ ಹಿಂದೆ ಗುಂಡು ತಡೆಯುವ ಮಣ್ಣಿನ ದಿಬ್ಬ ಇರಬೇಕು. ಜಿಂಕೆ ದಿಣ್ಣೆಯ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತಿದ್ದರೆ ಉತ್ತರ ಒಂದೇ: ಹೊಡೆಯಲ್ಲ. ದಿಣ್ಣೆಯಾಚೆ ಯಾರೋ ನಾಯಿ ಜೊತೆ ವಾಕಿಂಗ್ ಹೊರಟಿರಬಹುದು. ಗುರಿ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ತಪ್ಪಿದರೆ ಕ್ಷಮೆ ಇಲ್ಲ.

ಪಾಸಾದ ತಕ್ಷಣ ಬಂದೂಕು ಕೈಗೆ ಸಿಗುತ್ತೆ ಅನ್ಕೋಬೇಡಿ. ಪೊಲೀಸರ ಪರವಾನಗಿ ಬೇರೆ, ಜಮೀನು ಮಾಲೀಕರ ಒಪ್ಪಿಗೆ ಬೇರೆ.

ಊರಲ್ಲಿ ಇದನ್ನು ಮಾಡಬೇಡಿ

ಇದನ್ನು ಓದಿ ನಮ್ಮ ಹೊಲದಲ್ಲೂ ಹೊಡೆದರಾಯ್ತು ಅನ್ನೋ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಜಿಂಕೆ ಕೊಲ್ಲುವುದು ಅಪರಾಧ. ಕೃಷ್ಣಮೃಗವಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಉರುಳು, ಬೇಲಿಗೆ ನೇರ ಕರೆಂಟು ಅಂತೂ ಬೇಡವೇ ಬೇಡ. ಕತ್ತಲಲ್ಲಿ ಆ ತಂತಿ ಮುಟ್ಟೋದು ನಮ್ಮ ಮನೆಯವರೇ ಆಗಬಹುದು. ಬೆಳೆ ಹಾಳಾದರೆ ಮುಟ್ಟುವ ಮೊದಲೇ ಫೋನಿನಲ್ಲಿ ಫೋಟೋ ತೆಗೆದು, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಬ್ರಿಟನ್ನಿನಿಂದ ಕಲಿಯಬೇಕಾದದ್ದು ಗುಂಡು ಹೊಡೆಯೋದನ್ನಲ್ಲ. ಬೆಳೆ ತಿಂದ ಪ್ರಾಣಿಯ ಮೇಲೂ ಕೈ ಎತ್ತುವ ಮುಂಚೆ ಅದರ ಹೆಸರು, ಋತು, ಮರಿ ಎಲ್ಲ ತಿಳಿದಿರಬೇಕು ಅನ್ನೋ ಶಿಸ್ತನ್ನು.