ಮುಡಿ ಕೊಡಲು ಬಂದ ಬಾಲಕ

ಕಳೆದ ಶ್ರಾವಣದ ಒಂದು ಸೋಮವಾರ. ಪೂಜೆ ಮುಗಿಸಿ ಭಕ್ತರ ದರ್ಶನಕ್ಕೆ ಕುಳಿತಿದ್ದೆವು. ಮೆಕ್ಕೆಜೋಳದ ಸೀಮೆಯ ರೈತ ದಂಪತಿಗಳು ಆರು ವರ್ಷದ ಮಗನನ್ನು ಕರೆತಂದು ನಮಸ್ಕರಿಸಿದರು. ಆ ಸೆಕೆಯಲ್ಲೂ ಹುಡುಗನ ತಲೆಯ ಮೇಲೆ ಉಣ್ಣೆಯ ಟೋಪಿ. "ಮಗ ಹುಷಾರಾದ್ರೆ ಮುಡಿ ಕೊಡಿಸ್ತೀನಿ ಅಂತ ಹರಕೆ ಹೊತ್ತಿದ್ದೆ ಬುದ್ಧೀ" ಎಂದು ತಾಯಿ ಟೋಪಿ ತೆಗೆದಳು. ಬೋಳಿಸಲು ಒಂದು ಕೂದಲೂ ಉಳಿದಿರಲಿಲ್ಲ. ಔಷಧವೇ ಆ ಕೆಲಸ ಮುಗಿಸಿತ್ತು.

ಆದರೆ ತಂದೆ ಬಂದದ್ದು ಮುಡಿಗಾಗಿ ಅಲ್ಲ, ಅಪ್ಪಣೆಗಾಗಿ. ಹುಡುಗನಿಗೆ ರಕ್ತದ ಕ್ಯಾನ್ಸರ್. ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ತಿಂಗಳು ಇಟ್ಟುಕೊಂಡು ಔಷಧ ಕೊಟ್ಟಿದ್ದಾರೆ. ಮಜ್ಜೆಯ ಪರೀಕ್ಷೆ ಮಾಡಿ "ಈಗ ರೋಗದ ಕಣ ಕಾಣುತ್ತಿಲ್ಲ" ಎಂದಿದ್ದಾರೆ. ಅದರ ಜೊತೆಗೇ ಇನ್ನೂ ಎರಡು ವರ್ಷಕ್ಕೂ ಮಿಕ್ಕಿ ಚಿಕಿತ್ಸೆ ಬೇಕು ಎಂದೂ ಹೇಳಿದ್ದಾರೆ. "ಮಗ ಚೆನ್ನಾಗವ್ನೆ ಬುದ್ಧೀ. ಓಡಾಡ್ತಾನೆ, ಉಣ್ತಾನೆ. ಇನ್ನು ಸಾಕು ಅಂತ ನಿಲ್ಲಿಸ್ತೀವಿ. ತಾವು ಹೂಂ ಅಂದ್ರೆ ಸಾಕು." ಹೂಂ ಎನ್ನುವುದು ಬಹಳ ಸುಲಭವಿತ್ತು. ಮಗು ಎದುರಿಗೆ ನಗುತ್ತಾ ನಿಂತಿತ್ತು.

ವೈದ್ಯರಾಗಿರುವ ನಮ್ಮ ಶಿಷ್ಯರೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆವು. ಅವರು ಹೇಳಿದ ಲೆಕ್ಕ ಇದು. ರೋಗ ಪತ್ತೆಯಾದಾಗ ಮಗುವಿನ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ರೋಗಕಣಗಳಿರುತ್ತವೆ. ಮೊದಲ ತಿಂಗಳ ಔಷಧದಿಂದ ನೂರಕ್ಕೆ ತೊಂಬತ್ತೊಂಬತ್ತು ಸತ್ತರೂ ಸಾವಿರ ಕೋಟಿಯಷ್ಟು ಉಳಿದಿರಬಹುದು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅವು ಸಿಗುವುದಿಲ್ಲ. ಔಷಧ ನಿಂತರೆ ಅವೇ ಮತ್ತೆ ತಲೆಯೆತ್ತುತ್ತವೆ. ಎರಡನೆಯ ಸಲ ಬಂದ ರೋಗ ಮೊದಲಿನಷ್ಟು ಸುಲಭವಾಗಿ ಬಗ್ಗುವುದಿಲ್ಲ. ಇದನ್ನು ಆ ರೈತನಿಗೆ ವಿವರಿಸುವುದು ಕಷ್ಟವಾಗಲಿಲ್ಲ. "ಹೊಲದಾಗೆ ಜೇಕು ಕಿತ್ತಿದ್ದೀಯೇನಪ್ಪಾ?" ಎಂದು ಕೇಳಿದೆವು. "ಕಿತ್ತಿದ್ದೀನಿ ಬುದ್ಧೀ. ಮೇಲೆ ಕಿತ್ರೆ ಏನು ಬಂತು, ಗಡ್ಡೆ ಒಳಗೇ ಇರ್ತೈತಲ್ಲ" ಎಂದ. ಹೇಳಿದ ಮೇಲೆ ತನ್ನ ಮಾತು ತನಗೇ ತಾಗಿದಂತೆ ಸುಮ್ಮನಾದ.

ಗುಣವಾಗುವ ರೋಗ ಎಂಬ ಮಾತನ್ನು ನಮ್ಮ ಜನ ಇನ್ನೂ ನಂಬುತ್ತಿಲ್ಲ. ನಂಬದಿರಲು ಹಿಂದೆ ಕಾರಣವೂ ಇತ್ತು. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಇಂಥ ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಇಳಿದದ್ದನ್ನು ಮೊದಲ ಬಾರಿಗೆ ಪ್ರಕಟಿಸಿದರು. ಅವರು ಬಳಸಿದ ಔಷಧವನ್ನು ಸಿದ್ಧಪಡಿಸಿದ ತಂಡದ ಹಿಂದಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ಅವರು ತೀರಿಕೊಂಡರು. ಅದೇ ಜಾತಿಯ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಇಂದಿಗೂ ಈ ಮಕ್ಕಳು ವಾರಕ್ಕೊಮ್ಮೆ ನುಂಗುತ್ತಾರೆ. ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಔಷಧದ ಮೂಲ, ನಮ್ಮ ಮಠದ ಹೂದೋಟದಲ್ಲಿಯೂ ಇರುವ ಕಾಶಿ ಕಣಗಿಲೆ. (ಇದನ್ನು ಓದಿ ಯಾರೂ ಅದರ ಎಲೆ ಅರೆದು ಕುಡಿಸಬೇಡಿ, ಅದು ವಿಷ. ಆಸ್ಪತ್ರೆಯವರು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವಂಥದು.) ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಹತ್ತು ಮಕ್ಕಳಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಅಷ್ಟಾಗುತ್ತಿಲ್ಲ. ರೋಗ ತಡವಾಗಿ ಪತ್ತೆಯಾಗುವುದು ಒಂದು ಕಾರಣವಾದರೆ, ಹೀಗೆ ನಡುವೆಯೇ ಬಿಟ್ಟುಹೋಗುವುದು ಮತ್ತೊಂದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದಕ್ಕಾಗಿಯೇ ಒಂದು ಯೋಜನೆ ಆರಂಭಿಸಿ, 2030ರ ಹೊತ್ತಿಗೆ ಜಗತ್ತಿನಲ್ಲಿ ನೂರಕ್ಕೆ 60 ಮಕ್ಕಳಾದರೂ ಬದುಕಬೇಕೆಂಬ ಗುರಿ ಇಟ್ಟುಕೊಂಡಿದೆ.

ಬಿಟ್ಟುಹೋಗುವವರು ಮಗುವಿನ ಮೇಲೆ ಪ್ರೀತಿ ಇಲ್ಲದವರಲ್ಲ. ಆ ತಂದೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಲೆಕ್ಕ ಕೇಳಿದೆವು. ಔಷಧಕ್ಕೆ ಕಾರ್ಡಿನಲ್ಲಿ ನಡೆದಿದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಬಸ್ಸಿನ ಚಾರ್ಜಿಗೆ, ರೂಮಿನ ಬಾಡಿಗೆಗೆ, ಎರಡು ಹೊತ್ತಿನ ಊಟಕ್ಕೆ ಯಾವ ಕಾರ್ಡು? ಎಡೆಕುಂಟೆ ಹೊಡೆಯಬೇಕಾದ ಹೊತ್ತಿಗೆ ಆತ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಲಗಿದ್ದ. ಎರಡು ಎಮ್ಮೆ ಮಾರಿದ್ದ. ಮಾತಿನ ನಡುವೆ ತಾಯಿ ಇನ್ನೊಂದು ವಿಷಯ ಹೇಳಿದಳು. ಹಿರಿಯ ಮಗಳು ಐದನೇ ತರಗತಿ. ತಂದೆತಾಯಿ ಊರಲ್ಲಿಲ್ಲದ ತಿಂಗಳು ಅವಳು ಅಜ್ಜಿಗೆ ಅಡುಗೆ ಮಾಡಿಕೊಂಡು ಶಾಲೆ ಬಿಟ್ಟಿದ್ದಳು. "ನನಗೂ ಕಾಯಿಲೆ ಬಂದ್ರೆ ನನ್ನ ಹತ್ರನೂ ಇರ್ತೀರಾ" ಎಂದು ಫೋನಿನಲ್ಲಿ ಕೇಳಿದಳಂತೆ.

ಊರಿನವರ ಮಾತು ಇದಕ್ಕಿಂತ ಕಷ್ಟದ್ದು. ಅಂಟುರೋಗವೆಂದು ನೆರೆಯ ಮಕ್ಕಳನ್ನು ಆಟಕ್ಕೆ ಬಿಡುತ್ತಿಲ್ಲ. ಕ್ಯಾನ್ಸರ್ ಅಂಟುವುದಿಲ್ಲ. ನಿಜ ಹೇಳಬೇಕೆಂದರೆ, ಊರಿನ ನೆಗಡಿಯೇ ಆ ಮಗುವಿಗೆ ಅಂಟಿ ಅಪಾಯ ಮಾಡೀತು. ಬಂಧುಗಳೊಬ್ಬರು ತಾಯಿಗೆ "ಯಾವ ಜನ್ಮದ ಪಾಪವೋ" ಎಂದರಂತೆ. ಮಜ್ಜೆಯೊಳಗಿನ ಒಂದು ಕಣ ವಿಭಜನೆಯಾಗುವಾಗ ಆದ ತಪ್ಪಿನಿಂದ ಹುಟ್ಟುವ ರೋಗ ಇದು. ತಾಯಿ ಉಂಡದ್ದರಿಂದಾಗಲಿ, ಬಿಟ್ಟದ್ದರಿಂದಾಗಲಿ ಬಂದದ್ದಲ್ಲ. ಕರ್ಮ ಎಂಬ ಶಬ್ದವನ್ನು ಈ ಮಕ್ಕಳ ವಿಷಯದಲ್ಲಿ ನಮ್ಮ ಮಠದ ಆವರಣದಲ್ಲಿ ಯಾರೂ ಆಡಕೂಡದೆಂದು ಅಂದೇ ಹೇಳಿದ್ದೇವೆ.

ಇಷ್ಟು ಹೇಳುವ ನಾವೂ ತಪ್ಪು ಮಾಡಿದವರೇ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಬಾಲಕಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆವು. ನಮ್ಮ ಹಿಂದೆ ಹದಿನೈದು ಜನ ಭಕ್ತರು, ಕೈಯಲ್ಲಿ ಹಾರ, ಕತ್ತರಿಸಿಟ್ಟ ಹಣ್ಣು, ತೀರ್ಥದ ತಂಬಿಗೆ. ವಾರ್ಡಿನ ಬಾಗಿಲಲ್ಲೇ ಸಣ್ಣ ವಯಸ್ಸಿನ ಡಾಕ್ಟರಮ್ಮ ಒಬ್ಬರು ತಡೆದು ಕೈ ಮುಗಿದರು. "ಸ್ವಾಮೀಜಿ, ಈ ಮಗುವಿಗೆ ಬಿಳಿ ರಕ್ತಕಣಗಳೇ ಇಲ್ಲ. ತಾವೊಬ್ಬರೇ ಕೈ ತೊಳೆದುಕೊಂಡು ಬನ್ನಿ. ತೀರ್ಥ ಬೇಡ." ಜೊತೆಯಲ್ಲಿದ್ದವರಿಗೆ ಸಿಟ್ಟು ಬಂತು. ನಮಗೂ ಒಂದು ಕ್ಷಣ ಬಂದದ್ದು ಸುಳ್ಳಲ್ಲ. ಆಮೇಲೆ ತಂಬಿಗೆಯನ್ನು ಹೊರಗಿಟ್ಟು ಸಾಬೂನಿನಿಂದ ಕೈ ತೊಳೆದು ಒಳಗೆ ಹೋದೆವು. ಕುದಿಸದ ನೀರು, ಹೆಚ್ಚಿಟ್ಟ ಹಣ್ಣು, ಹೂವು, ಜನಸಂದಣಿ ಇವೆಲ್ಲ ಅಂಥ ಮಗುವಿಗೆ ಆಗದು ಎಂಬುದನ್ನು ಅಂದು ಕಲಿತೆವು.

ಹಾಗಾದರೆ ನೆಂಟರು ಇಷ್ಟರು ಮಾಡಬೇಕಾದದ್ದೇನು? ಮಾಡುವುದು ಬೇಕಾದಷ್ಟಿದೆ. ಮಗುವಿಗೆ 100.4 ಡಿಗ್ರಿ ಜ್ವರ ಬಂತೆಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಮುಟ್ಟಿಸಬೇಕು. ಬೆಳಗಾಗಲಿ ಎಂದು ಕಾದು ಕಳೆದುಕೊಂಡವರಿದ್ದಾರೆ. ಊರಲ್ಲಿ ವಾಹನ ಇದ್ದವರು "ಯಾವ ಹೊತ್ತಿಗಾದರೂ ಕರೆಯಿರಿ" ಎಂದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಹರೆಯದವರು ರಕ್ತ ಕೊಡಲಿ. ಪ್ಲೇಟ್‌ಲೆಟ್ ಕಣಗಳನ್ನು ಐದು ದಿನಕ್ಕಿಂತ ಹೆಚ್ಚು ಕೂಡಿಡಲಾಗುವುದಿಲ್ಲ, ಆದ್ದರಿಂದ ದಾನಿಗಳು ಹೊಸದಾಗಿ ಬರುತ್ತಲೇ ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಬಿಸಿ ಅಡುಗೆ ಮಾಡಿ ಒಯ್ಯುವವರು ಒಂದನ್ನು ತಿಳಿದಿರಲಿ. ಸ್ಟಿರಾಯ್ಡ್ ಮಾತ್ರೆಯ ದಿನಗಳಲ್ಲಿ ಮಗು ರಾತ್ರಿ ಎರಡು ಗಂಟೆಗೆ ಎದ್ದು ಅನ್ನ ಸಾರು ಬೇಡುತ್ತದೆ. ಬೇರೆ ಔಷಧದ ವಾರ ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯುವುದಿಲ್ಲ. ಎರಡಕ್ಕೂ ತಾಯಿಯನ್ನು ಬೈಯಬಾರದು. ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಇರಲು ಜಾಗದ ಮಾತು ಬೇರೆಯೇ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಆವರಣದಲ್ಲಿ ಧರ್ಮಶಾಲೆ ಇದೆ. ನಮ್ಮ ಗಡಿಭಾಗದ ಕುಟುಂಬಗಳು ಮುಂಬಯಿಯ ಟಾಟಾ ಆಸ್ಪತ್ರೆಗೂ ಹೋಗುತ್ತವೆ. ಅಲ್ಲಿ ಸೇಂಟ್ ಜ್ಯೂಡ್ ಎಂಬ ಸಂಸ್ಥೆ 2006ರಿಂದ ಇಂಥ ಮಕ್ಕಳನ್ನೂ ತಂದೆತಾಯಿಯರನ್ನೂ ಉಚಿತವಾಗಿ ಇರಿಸಿಕೊಳ್ಳುತ್ತಿದೆ. ಪ್ರತಿ ಕುಟುಂಬಕ್ಕೂ ತನ್ನದೇ ಜಾಗ, ಅಡುಗೆ ಮನೆ ಮಾತ್ರ ಎಲ್ಲರಿಗೂ ಒಂದೇ. ಆ ಒಲೆಯ ಮುಂದೆ ಒಬ್ಬ ತಾಯಿಯ ದುಃಖವನ್ನು ಇನ್ನೊಬ್ಬ ತಾಯಿ ಕೇಳುತ್ತಾಳೆ. ನಾವು ದಾಸೋಹ ಎನ್ನುವುದು ಇದನ್ನೇ. ಹೆಸರು ಬೇರೆ ಇರಬಹುದು.

ಎಲ್ಲ ಮಕ್ಕಳೂ ಉಳಿಯುತ್ತಾರೆಂದು ನಾವು ಹೇಳುತ್ತಿಲ್ಲ. ನಾವು ಕೈ ತೊಳೆದು ಒಳಗೆ ಹೋಗಿ ನೋಡಿದ ಬಾಲಕಿ ಉಳಿಯಲಿಲ್ಲ. ಕೊನೆಯ ದಿನಗಳಲ್ಲಿ ಮಾರ್ಫಿನ್ ಕೊಟ್ಟು ನೋವಿಲ್ಲದಂತೆ ನೋಡಿಕೊಂಡರು. ಅವಳ ತಂದೆ ಈಗಲೂ ವರ್ಷಕ್ಕೆ ಮೂರು ಸಲ ರಕ್ತ ಕೊಡಲು ಬೆಂಗಳೂರಿಗೆ ಹೋಗುತ್ತಾರೆ.

ಮುಡಿಯ ಹುಡುಗ ಮಾತ್ರ ಅಂದು ಹೊರಡುವಾಗ ನಮ್ಮನ್ನೇ ಕೇಳಿದ, "ಕೂದಲು ಬಂದ ಮೇಲೆ ಮತ್ತೆ ಬೋಳಿಸ್ಬೇಕಾ ಬುದ್ಧೀ?" ದೇವರಿಗೆ ಆಗಲೇ ಸಂದಾಯವಾಗಿದೆ, ಬೇಡ ಎಂದೆವು. ತಾಯಿ ಅಳುತ್ತಾ ನಕ್ಕಳು. ತಂದೆ ಮರುದಿನವೇ ಅವನನ್ನು ಬೆಂಗಳೂರಿಗೆ ಕರೆದೊಯ್ದ. ಹಿರಿಯ ಮಗಳನ್ನು ನಮ್ಮ ಮಠದ ಶಾಲೆಯ ವಿದ್ಯಾರ್ಥಿನಿಲಯಕ್ಕೆ ಸೇರಿಸಿಕೊಂಡಿದ್ದೇವೆ. ಗುರುವಾರಕ್ಕೊಮ್ಮೆ ತಮ್ಮನ ಜೊತೆ ಫೋನಿನಲ್ಲಿ ಮಾತನಾಡುತ್ತಾಳೆ. ಆತನ ಹೊಲದ ಮೆಕ್ಕೆಜೋಳವನ್ನು ಊರಿನ ನಾಲ್ಕು ಜನ ಸೇರಿ ಮುರಿದುಕೊಟ್ಟರು. ಆತನನ್ನು ಆಡಿಕೊಂಡವರೂ ಆ ನಾಲ್ವರಲ್ಲಿ ಇದ್ದರು. ಬರುವ ಸೋಮವಾರ ಹುಡುಗನಿಗೆ ಬೆನ್ನಿನ ಇಂಜೆಕ್ಷನ್ ಇದೆ. ಭಾನುವಾರ ರಾತ್ರಿ ಮಠದ ಜೀಪು ಹೊರಡುತ್ತದೆ.