ನೊರೆ ಬರುವ ಔಷಧಿ: ಬಾಟಲಿಯ ಮೇಲಿನ ಅಂಕಿ ನೋಡಿ



ಮಕ್ಕಳು ಬಿದ್ದು ಮೊಣಕಾಲು ತರಚಿಕೊಂಡು ಬಂದಾಗ ಕಂದು ಬಾಟಲಿಯ ಔಷಧಿ ಹಾಕಿದರೆ ಬುಸಬುಸನೆ ನೊರೆ ಬರುತ್ತದಲ್ಲ, ಅದೇ ಹೈಡ್ರೋಜನ್ ಪೆರಾಕ್ಸೈಡ್. ನೋಡಲಿಕ್ಕೆ ನೀರಿನ ಹಾಗೇ ಇದೆ. ನೀರಿನ ಕಣದಲ್ಲಿ ಆಮ್ಲಜನಕ ಒಂದು ಪಾಲು ಇದ್ದರೆ ಇದರಲ್ಲಿ ಎರಡು. ಆ ಹೆಚ್ಚಿನ ಪಾಲು ಗಟ್ಟಿಯಾಗಿ ನಿಲ್ಲುವುದಿಲ್ಲ. ರಕ್ತ ತಾಗಿದ ಕೂಡಲೇ ಬಿಟ್ಟು ಹೊರಡುತ್ತದೆ, ನೊರೆ ಬರುವುದು ಅದರಿಂದಲೇ. ನೊರೆ ಬಂದರೆ ಗಾಯ ವಾಸಿಯಾಗ್ತಿದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಕ್ರಿಮಿಯ ಜೊತೆಗೆ ಹೊಸದಾಗಿ ಬೆಳೆಯುವ ಚರ್ಮಕ್ಕೂ ಅದು ಹಾನಿ ಮಾಡುತ್ತದೆ. ಸಣ್ಣ ಗಾಯಕ್ಕೆ ಸೋಪು, ಹರಿಯುವ ನೀರು ಸಾಕು.

ಮುಖ್ಯವಾಗಿ ನೋಡಬೇಕಾದ್ದು ಅಂಕಿ. ಔಷಧಿ ಅಂಗಡಿಯದ್ದು ಸಾಮಾನ್ಯವಾಗಿ ಶೇಕಡಾ 3. ಬ್ಯೂಟಿ ಪಾರ್ಲರ್ ತರಬೇತಿ ಪಡೆದವರಿಗೆ ಡೆವಲಪರ್ ಬಾಟಲಿಯ ‘20 ವಾಲ್ಯೂಮ್’ ಗೊತ್ತಿರುತ್ತದೆ. ಒಂದು ಲೀಟರಿನಿಂದ 20 ಲೀಟರ್ ಆಮ್ಲಜನಕ ಬರುತ್ತದೆ ಎಂದು ಅದರ ಅರ್ಥ, ಅಂದರೆ ಶೇಕಡಾ 6. ಬಟ್ಟೆ, ಕಾಗದ ಬಿಳಿ ಮಾಡುವ ಕಾರ್ಖಾನೆಗೆ ಕ್ಯಾನಿನಲ್ಲಿ ಬರುವುದು ಶೇಕಡಾ 35, 50. ಅದು ಕೈಗೆ ತಾಗಿದರೆ ಚರ್ಮ ಬೆಳ್ಳಗಾಗಿ ಸುಡುತ್ತದೆ.

ಶೇಕಡಾ 80 ದಾಟಿದರೆ ಅದು ರಾಕೆಟ್ಟಿನ ಸಾಮಾನು! 1971ರಲ್ಲಿ ಬ್ರಿಟನ್ನಿನ ‘ಬ್ಲ್ಯಾಕ್ ಆ್ಯರೋ’ ರಾಕೆಟ್ ಉಪಗ್ರಹ ಹೊತ್ತು ಹೋದದ್ದು ಇದರಿಂದ ಮತ್ತು ಸೀಮೆಎಣ್ಣೆಯಿಂದ. ಹೌದು, ಸ್ಟೌವಿಗೆ ಹಾಕುತ್ತಿದ್ದಂಥ ಎಣ್ಣೆಯೇ, ಇನ್ನೂ ಶುದ್ಧ ಮಾಡಿದ್ದು. ಮೇಲೆ ಗಾಳಿ ಇಲ್ಲ, ಬೆಂಕಿ ಉರಿಯಲು ಬೇಕಾದ ಆಮ್ಲಜನಕವನ್ನು ಪೆರಾಕ್ಸೈಡೇ ಕೊಡುತ್ತದೆ. 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಏರಿದ ಸೋಯುಜ್ ರಾಕೆಟ್ಟಿನಲ್ಲೂ ಇಂಧನದ ಪಂಪುಗಳನ್ನು ತಿರುಗಿಸಿದ್ದು ಪೆರಾಕ್ಸೈಡಿನ ಆವಿಯೇ. ಆದರೆ 2000ದ ಆಗಸ್ಟಿನಲ್ಲಿ ರಷ್ಯಾದ ‘ಕುರ್ಸ್ಕ್’ ಜಲಾಂತರ್ಗಾಮಿಯಲ್ಲಿ ಟಾರ್ಪಿಡೊ ಒಳಗಿನ ಪೆರಾಕ್ಸೈಡ್ ಸೋರಿ ಸ್ಫೋಟವಾಯಿತು. ಹಡಗಿನಲ್ಲಿದ್ದ 118 ಜನರೂ ತೀರಿಕೊಂಡರು.

ನಮ್ಮ ಬಾಟಲಿ ರಾಕೆಟ್ ಆಗೋದಿಲ್ಲ, ಹೆದರಬೇಡಿ. ಆದರೂ ಗುಣ ಒಂದೇ. ಕಲಸಿ ಉಳಿದ ಹೇರ್ ಡೈಯನ್ನು ‘ನಾಳೆಗೆ ಆಗುತ್ತೆ’ ಅಂತ ಮುಚ್ಚಳ ಬಿಗಿದು ಇಡಬೇಡಿ, ಒಳಗೆ ಅನಿಲ ತುಂಬಿ ಬಾಟಲಿ ಒಡೆಯಬಹುದು. ಬ್ಲೀಚಿಂಗ್ ಪೌಡರ್, ವಿನೆಗರ್ ಜೊತೆ ಬೆರೆಸಬೇಡಿ. ಬೆಳಕಿಗೆ ಕೆಡುತ್ತದೆ, ಅದಕ್ಕೇ ಕಂದು ಬಾಟಲಿ. ಕುಡಿಯುವ ನೀರಿನ ಬಾಟಲಿಗೆ ಸುರಿದು ಇಡುವವರಿದ್ದಾರೆ, ಅದನ್ನಂತೂ ಯಾವ ಕಾರಣಕ್ಕೂ ಮಾಡಬೇಡಿ.

ಹಸು ಕಟ್ಟಿರುವ ಸದಸ್ಯೆಯರಿಗೆ ಇನ್ನೊಂದು ಮಾತು. ಹಾಲು ಒಡೆಯದಿರಲಿ ಅಂತ ಇದನ್ನು ಎರಡು ಹನಿ ಹಾಕಲು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಕಾನೂನಿನಲ್ಲಿ ಅದು ಕಲಬೆರಕೆ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಒಬ್ಬರ ಕ್ಯಾನಿನಿಂದ ಇಡೀ ಸಂಘದ ಹಾಲು ವಾಪಸ್ ಬರಬಹುದು. ಕ್ಯಾನ್ ಬಿಸಿನೀರಲ್ಲಿ ತೊಳೆದು, ಹಾಲು ಕರೆದ ಕೂಡಲೇ ತಣ್ಣಗಿಟ್ಟು ಬೇಗ ಕಳಿಸುವುದೇ ಸರಿ.

‘ಆಮ್ಲಜನಕ ಹೆಚ್ಚುತ್ತೆ, ಕ್ಯಾನ್ಸರ್ ಹೋಗುತ್ತೆ’ ಅಂತ ಇದನ್ನು ಕುಡಿಯಲು ಹೇಳುವವರೂ ಇದ್ದಾರೆ. ಶೇಕಡಾ 35ರದ್ದು ಕುಡಿದು ಸತ್ತವರಿದ್ದಾರೆ. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಕಣ್ಣಿಗೆ ಸಿಡಿದರೆ 15 ನಿಮಿಷ ನೀರು ಹಾಯಿಸಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ. ಬಾಟಲಿಯನ್ನೂ ಜೊತೆಗೆ ಒಯ್ಯಿರಿ, ಡಾಕ್ಟರು ಮೊದಲು ಕೇಳುವುದು ಅದರ ಅಂಕಿಯನ್ನೇ.