ಉ-ತಪಾವ್‌ನ ಹಳೆಯ ಛಾಯಾಚಿತ್ರಗಳು

‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಕಣ್ಣಿಗೆ ಕಂಡಷ್ಟನ್ನೇ ಪೂರ್ಣಸತ್ಯವೆಂದು ನಂಬಬಾರದು. ಕಂಡದ್ದನ್ನು ಪ್ರಶ್ನಿಸಿ, ಬೇರೆ ಸಾಕ್ಷ್ಯಗಳೊಡನೆ ಹೋಲಿಸಿ, ಆ ಮೇಲೆ ತೀರ್ಮಾನಕ್ಕೆ ಬರಬೇಕು ಎಂಬುದು ಇದರ ಅಭಿಪ್ರಾಯ. ಈ ಮಾತು ಛಾಯಾಚಿತ್ರಗಳಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಶಾಸನ, ನಾಣ್ಯ, ತಾಳೆಗರಿಗಳಂತೆ ಛಾಯಾಚಿತ್ರವೂ ಇತಿಹಾಸದ ಒಂದು ಆಕರ. ಶಾಸನವನ್ನು ಓದಬೇಕಾದರೆ ಹಳೆಯ ಲಿಪಿಯನ್ನು ಕಲಿಯಬೇಕು. ಛಾಯಾಚಿತ್ರವನ್ನು ಓದುವುದಕ್ಕಾದರೋ ಯಾವ ಕಲಿಕೆಯೂ ಬೇಡವೆಂದು ನಾವು ಭಾವಿಸುತ್ತೇವೆ. ಇದು ಸರಿಯಲ್ಲ. ಥಾಯ್ಲೆಂಡ್ ದೇಶದ ಒಂದು ವಿಮಾನನೆಲೆಯಲ್ಲಿ ಸುಮಾರು ಅರ್ಧ ಶತಮಾನದ ಹಿಂದೆ ತೆಗೆದ ಚಿತ್ರಗಳನ್ನು ಪರಿಶೀಲಿಸಿದರೆ ಇದು ಮನದಟ್ಟಾಗುತ್ತದೆ.

ಬ್ಯಾಂಕಾಕ್ ನಗರದಿಂದ ಆಗ್ನೇಯಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಥಾಯ್ಲೆಂಡ್ ಕೊಲ್ಲಿಯ ದಡದಲ್ಲಿ ಉ-ತಪಾವ್ ಎಂಬ ಸ್ಥಳವಿದೆ. 1954ರ ಜಿನೀವಾ ಒಪ್ಪಂದದ ಬಳಿಕ ವಿಯೆಟ್ನಾಂ ದೇಶವು ಉತ್ತರ ಮತ್ತು ದಕ್ಷಿಣ ಎಂದು ಇಬ್ಭಾಗವಾಗಿತ್ತು. ಉತ್ತರದಲ್ಲಿ ಕಮ್ಯೂನಿಸ್ಟ್ ಸರಕಾರವಿತ್ತು. ದಕ್ಷಿಣದ ಸರಕಾರಕ್ಕೆ ಅಮೆರಿಕದ ಬೆಂಬಲವಿತ್ತು. ಇವೆರಡರ ನಡುವಿನ ಯುದ್ಧದಲ್ಲಿ 1965ರಿಂದ ಅಮೆರಿಕ ದೊಡ್ಡ ಪ್ರಮಾಣದಲ್ಲಿ ತೊಡಗಿಕೊಂಡಿತು. ಮಿತ್ರದೇಶವಾದ ಥಾಯ್ಲೆಂಡಿನ ತಾಖ್ಲಿ, ಕೊರಾಟ್, ಉಬೋನ್, ಉಡೋನ್ ಮೊದಲಾದ ನೆಲೆಗಳಿಂದ ಅಮೆರಿಕದ ಯುದ್ಧವಿಮಾನಗಳು ಹಾರತೊಡಗಿದವು. ಹೆಸರಿಗೆ ಅವೆಲ್ಲ ಥಾಯ್ಲೆಂಡಿನ ನೆಲೆಗಳೇ. ಬಾಂಬು ಹಾಕುವ ವಿಮಾನಗಳು ಅಲ್ಲಿಂದ ಹೊರಡುತ್ತಿದ್ದವೆಂಬುದನ್ನು ಆರಂಭದ ವರ್ಷಗಳಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿರಲಿಲ್ಲ.

ಉ-ತಪಾವ್‌ನಲ್ಲಿ ಮೂರೂವರೆ ಕಿಲೋಮೀಟರ್ ಉದ್ದದ ರನ್‌ವೇ 1966ರಲ್ಲಿ ಸಿದ್ಧವಾಯಿತು. 1967ರ ಏಪ್ರಿಲ್ ತಿಂಗಳಿನಿಂದ ಬಿ-52 ಎಂಬ ಭಾರೀ ಬಾಂಬರ್ ವಿಮಾನಗಳು ಅಲ್ಲಿಂದ ಹಾರಿದವು. ಅದಕ್ಕೆ ಮುಂಚೆ ಅವು ಶಾಂತಸಾಗರದ ಗ್ವಾಮ್ ದ್ವೀಪದಿಂದ ಬರಬೇಕಾಗಿತ್ತು. ಹೋಗಿ ಬರಲು ಹನ್ನೆರಡು ಗಂಟೆಗಳಷ್ಟು ಕಾಲ ಹಿಡಿಯುತ್ತಿತ್ತು. ನಡುದಾರಿಯಲ್ಲಿ ಆಕಾಶದಲ್ಲಿಯೇ ಇಂಧನ ತುಂಬಿಸಿಕೊಳ್ಳಬೇಕಾಗಿತ್ತು. ಉ-ತಪಾವ್‌ನಿಂದ ಹೊರಟರೆ ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಯುತ್ತಿತ್ತು.

ಈ ನೆಲೆಯ ಚಿತ್ರಗಳಲ್ಲಿ ಬಹಳಷ್ಟನ್ನು ತೆಗೆದವರು ವೃತ್ತಿನಿರತ ಛಾಯಾಗ್ರಾಹಕರಲ್ಲ. ಅಲ್ಲಿ ದುಡಿಯುತ್ತಿದ್ದ ಯಂತ್ರಪರಿಣತರು, ಕಾವಲುಗಾರರು, ವಿಮಾನಚಾಲಕರು ಬಿಡುವಿನ ವೇಳೆಯಲ್ಲಿ ತಮ್ಮ ಸಣ್ಣ ಕ್ಯಾಮರಾಗಳಿಂದ ಅವನ್ನು ತೆಗೆದರು. ಅವರಲ್ಲಿ ಅನೇಕರು ಇಪ್ಪತ್ತರ ಆಸುಪಾಸಿನ ತರುಣರು. ತೆಗೆದ ಚಿತ್ರಗಳು ಬಣ್ಣದ ಸ್ಲೈಡುಗಳಾಗಿ ಅವರೊಡನೆ ಊರಿಗೆ ಮರಳಿ, ಪೆಟ್ಟಿಗೆಗಳಲ್ಲಿ ದಶಕಗಳ ಕಾಲ ಉಳಿದು, ಈಚೆಗೆ ಒಂದೊಂದಾಗಿ ಬೆಳಕಿಗೆ ಬಂದಿವೆ.

ಇಂತಹ ಚಿತ್ರವೊಂದು ಕೈಗೆ ಬಂದಾಗ ಮೊದಲು ತಿಳಿಯಬೇಕಾದದ್ದು ಅದರ ಕಾಲ. ಕೊಡಕ್ ಸಂಸ್ಥೆಯಲ್ಲಿ ಸಂಸ್ಕರಿಸಿದ ಅನೇಕ ಸ್ಲೈಡುಗಳ ರಟ್ಟಿನ ಚೌಕಟ್ಟಿನ ಮೇಲೆ ತಿಂಗಳು ಮತ್ತು ವರ್ಷ ಮುದ್ರಿತವಾಗಿರುತ್ತವೆ. ಆದರೆ ಅದು ಫಿಲ್ಮನ್ನು ಸಂಸ್ಕರಿಸಿದ ತಿಂಗಳು. ಚಿತ್ರವನ್ನು ಅದಕ್ಕಿಂತ ಎಷ್ಟೋ ಮೊದಲು ತೆಗೆದಿರಬಹುದು. ಬಣ್ಣವನ್ನೂ ಹಾಗೆಯೇ ನಂಬುವಂತಿಲ್ಲ. ಕೆಲವು ಬಗೆಯ ಫಿಲ್ಮುಗಳು ಕಾಲಕಳೆದಂತೆ ಮಾಸಿ, ಹಸುರು ವಿಮಾನವೂ ಕೆಂಪಡರಿದಂತೆ ಕಾಣುತ್ತದೆ. ಸ್ಲೈಡನ್ನು ತಿರುವುಮುರುವಾಗಿ ಇಟ್ಟು ಪ್ರತಿ ತೆಗೆದರೆ ಎಡವು ಬಲವಾಗುತ್ತದೆ. ಆಗ ವಿಮಾನದ ಮೇಲಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಕಾಣುವುದರಿಂದ ತಪ್ಪು ಬಯಲಾಗುತ್ತದೆ.

ಇನ್ನು ವಿಮಾನದ ಮೈಮೇಲಿನ ಗುರುತುಗಳು. ಅಮೆರಿಕದ ವಾಯುಪಡೆಯ ಪ್ರತಿ ವಿಮಾನಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. 56-0518 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಮೊದಲ ಎರಡು ಅಂಕೆಗಳು 1956ನೆಯ ಹಣಕಾಸು ವರ್ಷದಲ್ಲಿ ಆ ವಿಮಾನವನ್ನು ತಯಾರಿಸಲು ಆದೇಶವಾಯಿತೆಂದು ತಿಳಿಸುತ್ತವೆ. ಉಳಿದವು ಆ ವಿಮಾನದ್ದೇ ಆದ ಸಂಖ್ಯೆ. ಬಾಲದ ಮೇಲೆ ಬರೆದ ಈ ಸಂಖ್ಯೆ ಸ್ಪಷ್ಟವಾಗಿದ್ದರೆ ದಾಖಲೆಗಳನ್ನು ಹುಡುಕಿ ಆ ವಿಮಾನದ ಜೀವನಚರಿತ್ರೆಯನ್ನೇ ಬರೆಯಬಹುದು. ಈ ಸಂಖ್ಯೆ ನೆನಪಿರಲಿ. ಮುಂದೆ ಇದರ ಪ್ರಸ್ತಾಪ ಮತ್ತೆ ಬರುತ್ತದೆ.

ಉ-ತಪಾವ್‌ನ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಬಿ-52. ಎರಡೆರಡರಂತೆ ಜೋಡಿಸಿದ ಎಂಟು ಎಂಜಿನುಗಳು. ಒಂದು ತುದಿಯಿಂದ ಇನ್ನೊಂದಕ್ಕೆ 56 ಮೀಟರಿಗೂ ಮಿಗಿಲಾದ ರೆಕ್ಕೆಗಳು. ಇಂಧನ ತುಂಬಿದಾಗ ರೆಕ್ಕೆಗಳು ಭಾರದಿಂದ ಕೆಳಗೆ ಬಾಗುತ್ತವೆ. ಅವುಗಳಿಗೆ ಆಸರೆಯಾಗಿ ತುದಿಗಳ ಬಳಿ ಚಿಕ್ಕ ಗಾಲಿಗಳಿವೆ. ಬೆನ್ನಿನ ಮೇಲೆ ಹಸುರು, ಕಂದು ಬಣ್ಣಗಳ ಪಟ್ಟೆಗಳಿದ್ದರೆ ಹೊಟ್ಟೆಯ ಭಾಗ ಕಡುಕಪ್ಪು. ಮೇಲಿನಿಂದ ನೋಡಿದವರಿಗೆ ಅದು ಕಾಡಿನೊಡನೆ ಬೆರೆಯಬೇಕು. ಕೆಳಗಿನಿಂದ ನೋಡಿದವರಿಗೆ ರಾತ್ರಿಯ ಆಕಾಶದಲ್ಲಿ ಕಾಣದಂತಾಗಬೇಕು. ಹೀಗೆ ಬಣ್ಣವೊಂದೇ ವಿಮಾನದ ಉದ್ದೇಶವನ್ನು ಹೇಳಿಬಿಡುತ್ತದೆ.

ರೆಕ್ಕೆಗಳ ಅಡಿಯಲ್ಲಿ ಸಾಲಾಗಿ ತೂಗುವ ಬಾಂಬುಗಳನ್ನು ಎಣಿಸಬಹುದು. ಎರಡೂ ಬದಿಗೆ ಸೇರಿ ಇಪ್ಪತ್ತನಾಲ್ಕು. ಕಣ್ಣಿಗೆ ಕಾಣದ ಇನ್ನೂ ಎಂಬತ್ತನಾಲ್ಕು ಬಾಂಬುಗಳು ಹೊಟ್ಟೆಯೊಳಗೆ ಹಿಡಿಸುವಂತೆ ಬಿ-52 ‘ಡಿ’ ಮಾದರಿಯನ್ನು ಮಾರ್ಪಡಿಸಲಾಗಿತ್ತು. ಒಟ್ಟು 108 ಬಾಂಬುಗಳು; ತೂಕ ಸುಮಾರು 27 ಟನ್. ಸಾಮಾನ್ಯವಾಗಿ ಮೂರು ವಿಮಾನಗಳು ಕೂಡಿ ಹೊರಡುತ್ತಿದ್ದವು. ಅವು ಸುಮಾರು ಒಂಬತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತಿದ್ದುದರಿಂದ ನೆಲದ ಮೇಲಿದ್ದವರಿಗೆ ಎಷ್ಟೋ ಬಾರಿ ಮೊದಲ ಬಾಂಬು ಸಿಡಿಯುವವರೆಗೂ ಅವುಗಳ ಸುಳಿವೇ ಸಿಗುತ್ತಿರಲಿಲ್ಲ.

ಇಲ್ಲಿಯವರೆಗೆ ನಾವು ನೋಡಿದ್ದು ಚಿತ್ರದೊಳಗೆ ಇರುವುದನ್ನು. ಇನ್ನು ಅದರಲ್ಲಿ ಇಲ್ಲದಿರುವುದನ್ನು ಕುರಿತು ಯೋಚಿಸಬೇಕು. ಈ ಚಿತ್ರಗಳಲ್ಲಿ ಬಿಸಿಲು ಪ್ರಖರವಾಗಿದೆ. ವಿಮಾನಗಳು ಅಚ್ಚುಕಟ್ಟಾಗಿ ಸಾಲುಗೂಡಿ ನಿಂತಿವೆ. ಅಂಗಿ ಕಳಚಿದ ತರುಣರು ನಗುತ್ತ ಬಾಂಬುಗಳನ್ನು ಏರಿಸುತ್ತಿದ್ದಾರೆ. ಅವರು ತಮ್ಮ ದೈನಂದಿನ ಕೆಲಸದಲ್ಲಿ ತೊಡಗಿದವರು. ಆದರೆ ಹಾರಿದ ವಿಮಾನ ಎಲ್ಲಿಗೆ ಹೋಯಿತು? ಅದರಿಂದ ಬಿದ್ದದ್ದು ಯಾರ ಮೇಲೆ? ಚಿತ್ರ ತೆಗೆದವರು ಆ ಸ್ಥಳಗಳನ್ನು ನೋಡಿರಲಿಲ್ಲ. ಬಾಂಬು ಬಿದ್ದ ಹಳ್ಳಿಗಳಲ್ಲಿ ಕ್ಯಾಮರಾಗಳು ಅಪರೂಪವಾಗಿದ್ದವು. ಹೀಗಾಗಿ ಯುದ್ಧದ ಒಂದು ತುದಿಯ ಚಿತ್ರಗಳು ರಾಶಿರಾಶಿಯಾಗಿ ಉಳಿದವು. ಇನ್ನೊಂದು ತುದಿಯವು ಬಹಳ ಕಡಮೆ.

ಚಿತ್ರ ಹೇಳದ್ದನ್ನು ಕಾಗದಪತ್ರಗಳು ಹೇಳಬಹುದೆಂದು ಅವನ್ನು ಹುಡುಕಿದರೆ ಅಲ್ಲಿಯೂ ಎಚ್ಚರ ಬೇಕು. 1969ರ ಮಾರ್ಚ್ ತಿಂಗಳಿನಿಂದ ಬಿ-52 ವಿಮಾನಗಳು ಕಾಂಬೋಡಿಯಾದ ಮೇಲೆ ಗುಟ್ಟಾಗಿ ಬಾಂಬು ಹಾಕಿದವು. ಆದರೆ ಆ ಬಾಂಬುಗಳು ದಕ್ಷಿಣ ವಿಯೆಟ್ನಾಮಿನಲ್ಲಿ ಬಿದ್ದವೆಂದು ದಾಖಲೆಗಳಲ್ಲಿ ಬರೆಯಲಾಯಿತು. 1973ರಲ್ಲಿ ಅಮೆರಿಕದ ಸೆನೆಟ್ ನಡೆಸಿದ ವಿಚಾರಣೆಯಲ್ಲಿ ಈ ಸುಳ್ಳು ಬಯಲಾಯಿತು. ಲಾವೋಸ್ ದೇಶದ ಪಾಡು ಇನ್ನೂ ಕಠೋರವಾದುದು. 1964ರಿಂದ 1973ರವರೆಗೆ ಆ ಪುಟ್ಟ ದೇಶದ ಮೇಲೆ ವಿವಿಧ ಬಗೆಯ ವಿಮಾನಗಳಿಂದ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬುಗಳು ಬಿದ್ದವು. ಚೆಂಡಿನಷ್ಟು ಚಿಕ್ಕದಾದ ಕೋಟ್ಯಂತರ ಬಾಂಬುಗಳು ಸಿಡಿಯದೆ ಗದ್ದೆಗಳಲ್ಲಿ ಹುದುಗಿಕೊಂಡವು. ನೆಲ ಅಗೆಯುವ ರೈತರು, ಆಟದ ಚೆಂಡೆಂದು ಎತ್ತಿಕೊಳ್ಳುವ ಮಕ್ಕಳು ಯುದ್ಧ ಮುಗಿದು ದಶಕಗಳಾದ ಮೇಲೂ ಅವುಗಳಿಗೆ ಬಲಿಯಾಗಿದ್ದಾರೆ.

1972ರ ಡಿಸೆಂಬರ್ 18ರಿಂದ 29ರವರೆಗೆ ಉ-ತಪಾವ್ ಮತ್ತು ಗ್ವಾಮ್‌ಗಳಿಂದ ಹೊರಟ ಬಿ-52 ವಿಮಾನಗಳು ಉತ್ತರ ವಿಯೆಟ್ನಾಮಿನ ಹನೋಯ್, ಹೈಫಾಂಗ್ ನಗರಗಳ ಪ್ರದೇಶದ ಮೇಲೆ ದಾಳಿ ಮಾಡಿದವು. 26ರ ರಾತ್ರಿ ಹನೋಯ್ ನಗರದ ಖಾಮ್ ಥಿಯೆನ್ ಬೀದಿಯ ಮನೆಗಳು ನೆಲಸಮವಾದವು. ವಿಯೆಟ್ನಾಂ ಸರಕಾರದ ಲೆಕ್ಕದಂತೆ ಈ ದಾಳಿಯಲ್ಲಿ 1600ಕ್ಕೂ ಹೆಚ್ಚು ನಾಗರಿಕರು ಮಡಿದರು. ಅಮೆರಿಕವು 15 ಬಿ-52 ವಿಮಾನಗಳನ್ನು ಕಳೆದುಕೊಂಡಿತು. ನೆಲೆಯ ಚಿತ್ರಗಳಲ್ಲಿ ನಗುತ್ತಿದ್ದಂತಹ ತರುಣರು ಅವುಗಳಲ್ಲಿಯೂ ಇದ್ದರು. ಹನೋಯ್ ನಗರದ ಮನೆಗಳ ನಡುವಿನ ಹೂ ತಿಯೆಪ್ ಎಂಬ ಸಣ್ಣ ಕೆರೆಯಲ್ಲಿ ಉರುಳಿದ ಒಂದು ಬಿ-52ರ ಅವಶೇಷವನ್ನು ನೆನಪಿಗಾಗಿ ಹಾಗೆಯೇ ಉಳಿಸಿದ್ದಾರೆ. ಉ-ತಪಾವ್‌ನಲ್ಲಿ ಸಾಲುಗೂಡಿ ನಿಂತ ವಿಮಾನಗಳ ಚಿತ್ರವನ್ನೂ ಈ ಕೆರೆಯ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಆಗ ಮೊದಲನೆಯ ಚಿತ್ರದ ಅರ್ಥವೇ ಬದಲಾಗುತ್ತದೆ.

1973ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದವಾಯಿತು. ಅಮೆರಿಕದ ಸೇನೆ ವಿಯೆಟ್ನಾಮಿನಿಂದ ಹಿಂತಿರುಗಿತು. ಆದರೆ ಯುದ್ಧ ನಿಲ್ಲಲಿಲ್ಲ. 1975ರ ಏಪ್ರಿಲ್ 30ರಂದು ದಕ್ಷಿಣದ ರಾಜಧಾನಿ ಸೈಗಾನ್ ಉತ್ತರದ ವಶವಾಯಿತು. ಆ ದಿನಗಳಲ್ಲಿ ಉ-ತಪಾವ್‌ನಲ್ಲಿ ತೆಗೆದ ಚಿತ್ರಗಳು ಹಿಂದಿನವುಗಳಂತಿಲ್ಲ. ವಿಮಾನಗಳು ಅಡ್ಡಾದಿಡ್ಡಿಯಾಗಿ ಕಿಕ್ಕಿರಿದಿವೆ. ಅವುಗಳ ಮೇಲಿರುವುದು ದಕ್ಷಿಣ ವಿಯೆಟ್ನಾಮಿನ ಹಳದಿ, ಕೆಂಪು ಬಣ್ಣಗಳ ಗುರುತು. ಸೋತ ವಾಯುಪಡೆಯ ಚಾಲಕರು ಹೆಂಡಿರು ಮಕ್ಕಳನ್ನು ಏರಿಸಿಕೊಂಡು ಕೈಗೆ ಸಿಕ್ಕ ವಿಮಾನಗಳಲ್ಲಿ ಹಾರಿ ಬಂದಿದ್ದರು.

ಹಾಗೆ ಬಂದವುಗಳಲ್ಲಿ ಒಂದು ಸಿ-130 ಎಂಬ ಸಾಗಣೆಯ ವಿಮಾನ. ಅದರ ಸಂಖ್ಯೆ, ನಾವು ಮೊದಲೇ ನೋಡಿದ 56-0518. ಏಪ್ರಿಲ್ 29ರಂದು ಸೈಗಾನಿನ ವಿಮಾನನೆಲೆಯ ಮೇಲೆ ಗುಂಡುಗಳು ಬೀಳುತ್ತಿದ್ದಾಗ ಜನರು ಅದರೊಳಗೆ ನುಗ್ಗಿದರು. ಸಾಮಾನ್ಯವಾಗಿ ನೂರು ಮಂದಿಗೂ ಸಾಲದ ಸ್ಥಳ. ಹಿಂಬಾಗಿಲನ್ನು ಮುಚ್ಚಲು ಎಡೆಯಿಲ್ಲ. ಚಾಲಕನು ವಿಮಾನವನ್ನು ಮುಂದಕ್ಕೆ ಓಡಿಸಿ ಒಮ್ಮೆಲೇ ತಡೆ ಹಾಕಿದನು. ಜನರೆಲ್ಲ ಮುಂದಕ್ಕೆ ಜರುಗಿದರು, ಬಾಗಿಲು ಮುಚ್ಚಿತು. ಉ-ತಪಾವ್‌ನಲ್ಲಿ ಇಳಿದ ಮೇಲೆ ಎಣಿಸಿದಾಗ ಅದರಲ್ಲಿದ್ದವರು 452 ಮಂದಿ. ಈಗ ಆ ವಿಮಾನವನ್ನು ಅಮೆರಿಕದ ಅರ್ಕನ್ಸಾ ಸಂಸ್ಥಾನದಲ್ಲಿ ಪ್ರದರ್ಶನಕ್ಕೆ ಇಡಲಾಗಿದೆ. ಹಳೆಯ ಚಿತ್ರದಲ್ಲಿ ಅದು ಒಂದು ಬರಿದಾದ ವಿಮಾನ ಮಾತ್ರ. ಬಾಲದ ಮೇಲಿನ ಸಂಖ್ಯೆಯನ್ನು ಓದಬಲ್ಲವನಿಗೆ ಅದರೊಳಗೆ 452 ಜೀವಗಳು ಕಾಣುತ್ತವೆ.

1976ರಲ್ಲಿ ಅಮೆರಿಕದ ಪಡೆಗಳು ಥಾಯ್ಲೆಂಡಿನಿಂದ ಹೊರಟುಹೋದವು. ಉ-ತಪಾವ್ ಈಗ ಥಾಯ್ಲೆಂಡಿನ ನೌಕಾಪಡೆಯ ನೆಲೆಯೂ ಹೌದು, ಪ್ರವಾಸಿಗರು ಬಂದಿಳಿಯುವ ಅಂತರರಾಷ್ಟ್ರೀಯ ವಿಮಾನನಿಲ್ದಾಣವೂ ಹೌದು. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ನೊಂದವರಿಗೆ ನೆರವನ್ನು ಸಾಗಿಸಿದ ವಿಮಾನಗಳು ಇದೇ ರನ್‌ವೇಯನ್ನು ಬಳಸಿದವು. ಒಂದು ಕಾಲಕ್ಕೆ ಬಾಂಬುಗಳನ್ನು ಹೊತ್ತು ಏರಿದ ದಾರಿಯಿಂದಲೇ ಅನ್ನ, ಔಷಧಿಗಳೂ ಏರಿದವು.

ಹಳೆಯ ಯುದ್ಧವಿಮಾನಗಳ ಚಿತ್ರಗಳು ನೋಡಲು ಸೊಗಸಾಗಿರುತ್ತವೆ. ಅವುಗಳ ಆಕಾರ, ವೇಗ, ಯಂತ್ರಕೌಶಲಗಳನ್ನು ಕಂಡು ಬೆರಗಾಗುವುದು ತಪ್ಪಲ್ಲ. ಮನುಷ್ಯನ ಬುದ್ಧಿಶಕ್ತಿ ಅಲ್ಲಿ ಎದ್ದು ಕಾಣುತ್ತದೆ. ಆದರೆ ಆ ಬೆರಗಿನಲ್ಲಿಯೇ ನಿಂತುಬಿಟ್ಟವನು ಚಿತ್ರವನ್ನು ನೋಡಿದನೇ ಹೊರತು ಓದಲಿಲ್ಲ. ಇದನ್ನು ತೆಗೆದವರು ಯಾರು, ಯಾವಾಗ ತೆಗೆದರು, ಅವರು ನಿಂತ ಜಾಗದಿಂದ ಕಾಣದೆ ಉಳಿದದ್ದೇನು ಎಂದು ಕೇಳಿಕೊಳ್ಳಬೇಕು. ಚಿತ್ರದಲ್ಲಿ ಸ್ಥಾನವೇ ದೊರೆಯದ ಜನರೂ ಇತಿಹಾಸದಲ್ಲಿ ಬಾಳಿದವರೇ. ಅವರನ್ನು ಹುಡುಕಿ ನೆನೆಯುವುದೇ ಪರಾಂಬರಿಸಿ ನೋಡುವ ಬಗೆ.